ಆಟೋ ನಾಝಲ್ ಚೇಂಜರ್ ಕಿಟ್: ತಗಡು ಚೆನ್ನಾಗಿದೆ, ತಲೆ ನಾವೇ ಹಾಕ್ಬೇಕು

ಪೂರ್ತಿ ಓದೋಕೆ ಟೈಮ್ ಇಲ್ದವ್ರಿಗೆ ಮೊದಲೇ ಹೇಳ್ಬಿಡ್ತೀನಿ. ಸರ್ಕ್ಯೂಟ್ ಬೋರ್ಡ್ ಮೇಲೆ ಸಣ್ಣ ಪಾರ್ಟುಗಳನ್ನ ಎತ್ತಿ ಇಡೋ ಪಿಕ್ ಅಂಡ್ ಪ್ಲೇಸ್ ಮಷೀನಲ್ಲಿ, ಓಡಾಡೋ ಹೆಡ್ಡಿನ ತುದಿಲಿರೋ ನಾಝಲ್ಲನ್ನ (ಪಾರ್ಟನ್ನ ಗಾಳಿ ಎಳೆದು ಹಿಡಿಯೋ ಕೊಳವೆ) ತಾನಾಗೇ ಬದಲಾಯಿಸೋ ಕಿಟ್ ಇದು. ಕಿಟ್‌ನ ಮೆಟಲ್ ಕೆಲಸ ಚೆನ್ನಾಗಿದೆ, ನಾಝಲ್ ಹಿಡ್ಕೊಳ್ಳೋದ್ರಲ್ಲಿ ಕೊರತೆ ಇಲ್ಲ, ಆದ್ರೆ ಹೆಡ್ಡು ನಾಝಲ್‌ನ ನಿಜವಾಗ್ಲೂ ಬಿಟ್ಟು ಹೋಯ್ತಾ ಇಲ್ವಾ ಅಂತ ತಿಳ್ಕೊಳ್ಳೋಕೆ ಇದ್ರಲ್ಲಿ ಏನೂ ಇಲ್ಲ ಅಂದ್ರೂ ತಪ್ಪಿಲ್ಲ. ಚೇಂಜರ್ ಡಿಸೈನ್ ಮಾಡೋವ್ರೆಲ್ಲ ಹಿಡಿಯೋದ್ರ ಬಗ್ಗೆನೇ ತಲೆ ಕೆಡಿಸ್ಕೊಳ್ತಾರೆ, ಮಷೀನ್ ಹಾಳಾಗೋದು ಮಾತ್ರ ಬಿಡದೇ ಇದ್ದಾಗ. ಈ ಕಿಟ್ಟೂ ಅದೇ ದಾರಿಲಿ ಹೋಗಿದೆ. ಹಾಗಂತ ಬೇಡ ಅನ್ನೋ ಹಾಗೂ ಇಲ್ಲ, ಯಾಕೆ ಅಂತ ಕೆಳಗೆ ಬರ್ದಿದೀನಿ, ಸ್ವಲ್ಪ ಉದ್ದ ಆಗತ್ತೆ.

ಯಾರ ಕಿಟ್ಟು ಅಂತ ಹೆಸರು ಹಾಕ್ತಿಲ್ಲ. ಇದೇ ನಮೂನೆ ಡಿಸೈನ್ ಬೇರೆ ಬೇರೆ ಬಣ್ಣದಲ್ಲಿ ಬೇರೆ ಬೇರೆ ಕಡೆ ಸಿಗತ್ತೆ, ಫೋಟೋ ನೋಡಿದ್ರೆ ಗೊತ್ತಾಗತ್ತೆ: ಉದ್ದಕ್ಕೆ ಒಂದು ಬೇಸ್, ಅದ್ರಲ್ಲಿ ಸಾಲಾಗಿ ಆರು ಗುಂಡಿ (ನಾಝಲ್ ನಿಲ್ಲೋ ಕುಳಿ, ಅಂದ್ರೆ ಸ್ಲಾಟು), ಮೇಲೊಂದು ಜಾರೋ ಸ್ಟೀಲ್ ಪ್ಲೇಟು, ಪಕ್ಕದಲ್ಲಿ ಪ್ಲೇಟು ಜಾರಿಸೋಕೆ ಒಂದು ಸಣ್ಣ ಸರ್ವೋ ಮೋಟರ್. ಜೂಕಿ ಕಂಪನಿಯ 500 ಸರಣಿ ನಾಝಲ್‌ಗಳಿಗೆ (503, 506 ಅನ್ನೋದೆಲ್ಲ ಇದ್ರ ಸೈಜುಗಳು) ಮಾಡಿರೋದು. ಸ್ಯಾಮ್ಸಂಗ್ ಸಿಪಿ40 ನಾಝಲ್ ಇಟ್ಕೊಂಡಿರೋರು ಇಲ್ಲೇ ನಿಲ್ಲಿಸ್ಬಹುದು, ಅದ್ರ ಬಾಡಿ ಆಕಾರನೇ ಬೇರೆ, ಈ ಗುಂಡಿಗೆ ಕೂರಲ್ಲ.

ಚೇಂಜರ್ ಯಾಕಾದ್ರೂ ಬೇಕು, ಕೈಯಲ್ಲೇ ಬದಲಾಯಿಸಿದ್ರೆ ಆಗಲ್ವಾ ಅನ್ನೋರಿಗೆ ಒಂದು ಸಣ್ಣ ಲೆಕ್ಕ. ನಾಝಲ್ಲು ಪಾರ್ಟ್ ಎತ್ತೋದು ವ್ಯಾಕ್ಯೂಮಿಂದ, ಬಲ ಎಷ್ಟು ಸಿಗತ್ತೆ ಅನ್ನೋದು ತೂತಿನ ಏರಿಯಾ ಮೇಲೆ ಹೋಗತ್ತೆ. ಜೂಕಿ 503ರ ಒಳತೂತು 0.6 ಮಿಮೀ. ಪಂಪು 60 ಕಿಲೋಪ್ಯಾಸ್ಕಲ್ ಎಳೀತಿದೆ ಅಂದ್ಕೊಂಡ್ರೆ ಸಿಗೋ ಬಲ ಸುಮಾರು 1.7 ಗ್ರಾಂ ತೂಕದಷ್ಟು. ಅದೇ ಪಂಪಿಗೆ 506 ಹಾಕಿದ್ರೆ ತೂತು 3.2 ಮಿಮೀ, ಬಲ 49 ಗ್ರಾಂ ಹತ್ರ. ದಪ್ಪ ಇಂಡಕ್ಟರ್ನ 503ರಲ್ಲಿ ಎತ್ತಿದ್ರೆ ಹೆಡ್ಡು ಒಂಚೂರು ಜೋರಾಗಿ ತಿರುಗಿದ ಕೂಡ್ಲೇ ಪಾರ್ಟು ವಾಲತ್ತೆ ಇಲ್ಲ ಬಿದ್ದೋಗತ್ತೆ. ಹಾಗಂತ 0402 (ಇದು ಪಾರ್ಟಿನ ಸೈಜಿನ ಕೋಡ್) ರೆಸಿಸ್ಟರ್ನ 506ರಲ್ಲಿ ಎತ್ತೋಕೆ ಹೋದ್ರೆ, ಪಾರ್ಟೇ 1.0 × 0.5 ಮಿಮೀ, ಅದು ಸೀದಾ ತೂತಿನೊಳಗೆ. ಒಂದೇ ಬೋರ್ಡಲ್ಲಿ ಎರಡೂ ಇದ್ದೇ ಇರತ್ತೆ. ಎರಡು ನಾಝಲ್ ಇರೋ ಹೆಡ್ಡಲ್ಲಿ ಒಂದ್ರಲ್ಲಿ ಚಿಕ್ಕದು ಇನ್ನೊಂದ್ರಲ್ಲಿ ದೊಡ್ಡದು ಹಾಕ್ಕೊಂಡು ಕಾಲ ತಳ್ಳಬಹುದು, ಆದ್ರೆ ಆಗ ಒಂದು ಕೈ ಕಟ್ಟಿ ಹಾಕಿದ ಹಾಗೇನೇ, ಸ್ಪೀಡ್ ಅರ್ಧಕ್ಕೆ ಇಳಿಯತ್ತೆ. ಮಧ್ಯದಲ್ಲಿ ಮಷೀನ್ ನಿಲ್ಲಿಸಿ ಕೈಯಲ್ಲಿ ನಾಝಲ್ ಕಿತ್ತು ಹಾಕೋದು ಅಂದ್ರೆ ಜಾಬ್ ಓಡ್ತಿರೋವಾಗ ಪಕ್ಕದಿಂದ ಏಳೋ ಹಾಗೇ ಇಲ್ಲ, ಮತ್ತೆ ಆಟೋಮ್ಯಾಟಿಕ್ ಮಷೀನ್ ಯಾಕೆ ಬೇಕಿತ್ತು?

ಈಗ ಮೆಕ್ಯಾನಿಸಂಗೆ ಬರೋಣ, ಇದ್ರಲ್ಲೇ ಹೇಳೋದು ಜಾಸ್ತಿ ಇರೋದು.

ನಾಝಲ್ ಚೇಂಜರ್‌ಗಳಲ್ಲಿ ದೊಡ್ಡದಾಗಿ ಎರಡು ಜಾತಿ. ಒಂದ್ರಲ್ಲಿ ಮೋಟರೂ ಇಲ್ಲ ಏನೂ ಇಲ್ಲ, ಕೀಲಿ ತೂತಿನ ಆಕಾರದ ಸ್ಲಾಟು. ಹೆಡ್ಡು ಅಗಲ ಇರೋ ಕಡೆ ಇಳಿದು, ಪಕ್ಕಕ್ಕೆ ಸರಿದು ಕಿರಿದಾದ ಜಾಗಕ್ಕೆ ಬಂದು, ಮೇಲೆ ಎಳ್ಕೊಳ್ಳತ್ತೆ, ನಾಝಲ್ಲು ಅಂಚಿಗೆ ಸಿಕ್ಕಾಕ್ಕೊಂಡು ಅಲ್ಲೇ ಉಳಿಯತ್ತೆ. ಇನ್ನೊಂದು ಜಾತಿ ಈ ಕಿಟ್ಟಿನ ತರದ್ದು, ಹೆಡ್ಡು ಸೀದಾ ಕೆಳಗಿಳಿಯತ್ತೆ, ಪ್ಲೇಟು ಜಾರಿ ಬಂದು ನಾಝಲ್ ಮೇಲೆ ಅಡ್ಡ ನಿಲ್ಲತ್ತೆ, ಹೆಡ್ಡು ಮೇಲೆ ಹೋಗತ್ತೆ. ಮೊದಲ್ನೇದು ಸರಳ, ಕೆಡೋಕೆ ಏನೂ ಇಲ್ಲ. ಆದ್ರೆ ಹೆಡ್ಡು ಕೆಳಗಿರೋವಾಗಲೇ ಪಕ್ಕಕ್ಕೆ ಸರೀಬೇಕು ಅಂದ್ರೆ ಝಡ್ ಶಾಫ್ಟ್ (ನಾಝಲ್ಲನ್ನ ಮೇಲೆ ಕೆಳಗೆ ಒಯ್ಯೋ ದಂಡ) ಮೇಲೆ ಅಡ್ಡ ಲೋಡು ಬೀಳತ್ತೆ, ಒಳತೂತು ಇರೋ ಸಣ್ಣ ಸ್ಟೆಪ್ಪರ್ (ಹಂತ ಹಂತವಾಗಿ ತಿರುಗೋ ಮೋಟರ್) ಶಾಫ್ಟಿಗೆ ಅದು ಒಳ್ಳೇದಲ್ಲ. ಜತೆಗೆ ಪ್ರತಿ ಸ್ಲಾಟಿನ ಮುಂದೂ ಸರಿಯೋಕೆ ಖಾಲಿ ಜಾಗ ಬಿಡ್ಬೇಕು, ಸಣ್ಣ ಮಷೀನಲ್ಲಿ ಆ ಜಾಗದಲ್ಲಿ ಇನ್ನೊಂದು ಫೀಡರ್ (ಟೇಪಿಂದ ಪಾರ್ಟ್ ಒದಗಿಸೋದು) ಕೂರತ್ತೆ. ಹಾಗಾಗಿ ಜಾರೋ ಪ್ಲೇಟಿನ ಕಡೆಗೇ ನನ್ನ ಓಟು.

ಕಿಟ್ಟಿನ ಪ್ಲೇಟು 2 ಮಿಮೀ ಸ್ಟೀಲು, ಲೇಸರ್ ಕಟ್ ಮಾಡಿ ಅಂಚನ್ನ ಸರಿಯಾಗಿ ಉಜ್ಜಿ ಕಳಿಸಿದಾರೆ, ಬೆರಳು ಆಡಿಸಿದ್ರೆ ಎಲ್ಲೂ ಚುಚ್ಚಲ್ಲ. ಗಾಜಿನ ಮೇಲಿಟ್ಟು ನೋಡಿದ್ರೆ ಅಲ್ಲಾಡಲ್ಲ, ಚಪ್ಪಟೆ ಇದೆ. ಇದು ಸಣ್ಣ ವಿಷಯ ಅಂದ್ಕೋಬೇಡಿ, ಪ್ಲೇಟು ಬಿಲ್ಲಿನ ತರ ಬಾಗಿದ್ರೆ ನಡುವಿನ ಸ್ಲಾಟಲ್ಲಿ ಜಾಗ ಜಾಸ್ತಿ, ತುದಿ ಸ್ಲಾಟಲ್ಲಿ ಬಿಗಿ, ಒಂದೊಂದು ನಾಝಲ್ಲಿಗೆ ಒಂದೊಂದು ಝಡ್ ಎತ್ತರ ಹುಡುಕ್ತಾ ಕೂರ್ಬೇಕಾಗತ್ತೆ. ಪ್ಲೇಟು ಜಾರೋದು ಎರಡೂ ಬದಿ ಅಸಿಟಲ್ (ನುಣುಪು ಪ್ಲಾಸ್ಟಿಕ್) ಪಟ್ಟಿ ಮೇಲೆ, ಎಣ್ಣೆ ಬೇಕಾಗಿಲ್ಲ, ಬೇಡವೇ ಬೇಡ. ಎಣ್ಣೆ ಹಾಕಿದ್ರೆ ಧೂಳು ಕೂತು ಅದೇ ಗ್ರೈಂಡಿಂಗ್ ಪೇಸ್ಟ್ ಆಗತ್ತೆ, ಜೊತೆಗೆ ನಾಝಲ್ಲಿಗೆ ಎಣ್ಣೆ ಅಂಟಿ ಚಿಕ್ಕ ಪಾರ್ಟುಗಳು ತುದಿಗೇ ಅಂಟ್ಕೊಂಡು ಜಪ್ಪಯ್ಯ ಅಂದ್ರೂ ಬೀಳಲ್ಲ.

ಬೇಸು ಮಾತ್ರ ಪಿಇಟಿಜಿ ಪ್ಲಾಸ್ಟಿಕ್ಕಲ್ಲಿ 3ಡಿ ಪ್ರಿಂಟ್ ಮಾಡಿದ್ದು. ಪ್ರಿಂಟ್ ಕ್ವಾಲಿಟಿ ಬಗ್ಗೆ ದೂರಿಲ್ಲ, ಸ್ಕ್ರೂ ಹೋಗೋ ಕಡೆಯೆಲ್ಲ ಹಿತ್ತಾಳೆ ಇನ್ಸರ್ಟ್ ಹಾಕಿದಾರೆ. ದೂರು ಇರೋದು ಗುಂಡಿಯ ಆಕಾರದ ಮೇಲೆ. ಜೂಕಿ ನಾಝಲ್ಲಿಗೆ ಸುತ್ತ ಒಂದು ಡಿಸ್ಕ್ ಇರತ್ತಲ್ಲ, ಕೆಳಗಿರೋ ಕ್ಯಾಮೆರಾ ಪಾರ್ಟನ್ನ ನೋಡೋವಾಗ ಹಿಂದೆ ಒಂದೇ ಬಣ್ಣದ ಪರದೆ ಕಾಣ್ಲಿ ಅಂತ ಇರೋದದು. ಈ ಬೇಸಲ್ಲಿ ಗುಂಡಿಯ ಮೆಟ್ಟಿಲು ಬಂದು ತಾಗೋದು ಅದೇ ಡಿಸ್ಕಿನ ಕೆಳಮುಖಕ್ಕೆ, ಅದೂ ಪಾರ್ಟಿನ ಸುತ್ತ ಕ್ಯಾಮೆರಾಗೆ ಕಾಣೋ ಭಾಗಕ್ಕೆ. ಪ್ರತಿ ಸಲ ನಾಝಲ್ ಹಾಕೋವಾಗ ಹೆಡ್ಡು ಮೇಲಿಂದ ಒತ್ತತ್ತೆ, ಡಿಸ್ಕು ಮೆಟ್ಟಿಲಿಗೆ ಉಜ್ಜತ್ತೆ, ಸ್ವಲ್ಪ ಕಾಲ ಆದ್ಮೇಲೆ ಅಲ್ಲೊಂದು ಅರ್ಧಚಂದ್ರದ ತರ ಹೊಳೆಯೋ ಗೀರು ಬೀಳತ್ತೆ. ಕಣ್ಣಿಗೆ ಅದು ಏನೂ ಅಲ್ಲ. ಆದ್ರೆ ಕೆಳಗಿನ ಕ್ಯಾಮೆರಾದ ರಿಂಗ್ ಲೈಟ್ ಹತ್ತಿದಾಗ ಆ ಗೀರು ಪಾರ್ಟಿನ ತವರದ ತುದಿ ಹಾಗೇ ಬೆಳ್ಳಗೆ ಹೊಳೆಯತ್ತೆ, ವಿಷನ್ ಪೈಪ್‌ಲೈನ್ (ಕ್ಯಾಮೆರಾ ಚಿತ್ರ ಓದೋ ಸಾಫ್ಟ್‌ವೇರ್) ಅದನ್ನೂ ಪಾರ್ಟಿಗೆ ಸೇರಿಸ್ಕೊಂಡು ಚೌಕ ಎಳೆಯತ್ತೆ, 0603 ಕೆಪಾಸಿಟರ್ ಓರೆಯಾಗಿ ಕೂರತ್ತೆ. ಫೀಡರ್ ಸರಿ ಇಲ್ಲ, ಟೇಪ್ ಸರಿ ಇಲ್ಲ, ಲೈಟ್ ಸರಿ ಇಲ್ಲ ಅಂತ ಎಲ್ಲಾ ಕಡೆ ಹುಡುಕ್ತಾ ಇರ್ತೀವಿ, ಮೂಲ ನೋಡಿದ್ರೆ ಚೇಂಜರ್ ಗುಂಡಿ. ಪರಿಹಾರ ಸುಲಭ, ಮೆಟ್ಟಿಲನ್ನ ಡಿಸ್ಕಿನ ಹೊರ ಅಂಚಿಗಷ್ಟೇ ತಾಗೋ ಹಾಗೆ ಕಿರಿದು ಮಾಡಿ ಬೇಸನ್ನ ಮತ್ತೆ ಪ್ರಿಂಟ್ ಮಾಡಿದ್ರೆ ಮುಗೀತು, ಡಿಸೈನ್ ಫೈಲ್ ಕೊಟ್ಟಿದಾರೆ, ಆ ಮಟ್ಟಿಗೆ ದೊಡ್ಡ ಮನಸ್ಸು. ಗುಂಡಿ ಆಳನೂ ನೋಡ್ಕೊಳ್ಳಿ, ನಾಝಲ್ ತುದಿ ತಳಕ್ಕೆ ಯಾವತ್ತೂ ತಾಗಬಾರ್ದು, ಒತ್ತೋ ಲೋಡ್ ಪೂರ್ತಿ ಬಾಡಿ ಮೇಲೇ ಬೀಳ್ಬೇಕು. 0402ಕ್ಕೆ ಬಳಸೋ ಸಣ್ಣ ತುದಿ ಒಂದ್ಸಲ ಬಾಗಿದ್ರೆ ಅದನ್ನ ಎಸೀಬೇಕಷ್ಟೆ.

ಇನ್ನು ಫ್ಲೋಟ್, ಅಂದ್ರೆ ನಾಝಲ್ಲಿಗೆ ಅಕ್ಕಪಕ್ಕ ಸರಿಯೋಕೆ ಇರೋ ಸಡಿಲ. ಹೆಡ್ಡು ಸ್ಲಾಟಿನ ಮೇಲೆ ಬಂದು ನಿಂತಾಗ ಎರಡರ ಸೆಂಟರ್ ಪಕ್ಕಾ ಒಂದೇ ಕಡೆ ಇರತ್ತೆ ಅಂತ ಯಾರೂ ಗ್ಯಾರಂಟಿ ಕೊಡೋಕಾಗಲ್ಲ. ಬೆಲ್ಟ್ ಇರೋ ಮಷೀನಲ್ಲಿ ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸೋವಾಗಿನ ಸಡಿಲ) ಇದೆ, ಹೋಮಿಂಗ್ (ಶುರುವಿನ ಜಾಗ ಹಿಡಿಯೋ) ಸ್ವಿಚ್ಚಲ್ಲಿ ವ್ಯತ್ಯಾಸ ಇದೆ, ಶಾಫ್ಟಿಗೇ ಒಂಚೂರು ರನೌಟ್ (ತಿರುಗೋವಾಗ ಸೆಂಟರ್ ಬಿಟ್ಟು ಓಲಾಡೋದು) ಇದೆ. ಇದಕ್ಕೆ ಎರಡು ಮದ್ದು, ಒಂದು ಹೋಲ್ಡರಿನ (ಹೆಡ್ಡಲ್ಲಿ ನಾಝಲ್ ಹಿಡಿಯೋ ಭಾಗ) ಬಾಯಿಗೆ ಛಾಂಫರ್ (ಇಳಿಜಾರು ಅಂಚು) ಇರ್ಬೇಕು, ಎರಡು ಗುಂಡಿಯೊಳಗೆ ನಾಝಲ್ಲು ಅಕ್ಕಪಕ್ಕ ಸ್ವಲ್ಪ ಸರಿದಾಡೋ ಹಾಗಿರ್ಬೇಕು. ಆಗ ಹೋಲ್ಡರ್ ಇಳಿದು ಬರ್ತಾ ಇದ್ದ ಹಾಗೆ ನಾಝಲ್ಲೇ ಸರಿದು ಅದ್ರ ನೇರಕ್ಕೆ ಬರತ್ತೆ. ಈ ಕಿಟ್ ಮಾಡಿದವ್ರು ಗುಂಡಿನ ಎಷ್ಟು ಬಿಗಿ ಮಾಡಿದಾರೆ ಅಂದ್ರೆ ನಾಝಲ್ ಕೂತ್ರೆ ಅಲ್ಲಾಡಲ್ಲ, ಕೈಯಲ್ಲಿ ಹಾಕಿ ನೋಡಿದ್ರೆ ಆಹಾ ಎಂಥಾ ಫಿಟ್ಟು ಅನ್ಸತ್ತೆ. ಬಿಗಿ ಇದ್ದಷ್ಟೂ ಒಳ್ಳೇದು ಅನ್ನೋ ಲೆಕ್ಕಾಚಾರ ಬೇರೆ ಕಡೆ ಸರಿ, ಇಲ್ಲಿ ತಲೆಕೆಳಗು. ನಾಝಲ್ಲಿನ ಕರಾರುವಾಕ್ಕಾದ ಜಾಗವನ್ನ ನಿರ್ಧಾರ ಮಾಡ್ಬೇಕಾಗಿರೋದು ಹೋಲ್ಡರ್, ಸ್ಟ್ಯಾಂಡಲ್ಲ. ಎರಡೂ ಕಡೆ ಬಿಗಿ ಹಿಡಿದ್ರೆ ಇಬ್ಬರ ಜಗಳದಲ್ಲಿ ಬಾಗೋದು ಶಾಫ್ಟು. ನಾನು ಬೇಸ್ ಮತ್ತೆ ಪ್ರಿಂಟ್ ಮಾಡಿಸೋವಾಗ ಗುಂಡಿಯ ಡಯಾಮೀಟರ್ 0.6 ಮಿಮೀ ದೊಡ್ಡದು ಮಾಡಿ ಬಾಯಿಗೆ ಇಳಿಜಾರು ಕೊಟ್ಟೆ, ಆಮೇಲೆ ನಾಝಲ್ ಕೂರೋ ಸದ್ದೇ ಬದಲಾಯ್ತು, ಮೊದಲು ಟಕ್ ಕಿರ್ ಅಂತಿದ್ದದ್ದು ಬರೀ ಟಕ್ ಆಯ್ತು.

ಕಿತ್ತು ಬಿಡಿಸೋ ಬಲದ ಬಗ್ಗೆ ಮ್ಯಾನ್ಯುಯಲ್ಲಲ್ಲಿ ಒಂದಕ್ಷರ ಇಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ತರಿಸಿದ ವಿಷಯ, ಯಾಕಂದ್ರೆ ಕಿಟ್ಟು ನಿಮ್ಮ ಮಷೀನಿಗೆ ಆಗತ್ತೋ ಇಲ್ವೋ ಅನ್ನೋದೇ ಇದ್ರ ಮೇಲೆ ನಿಂತಿದೆ. ಸಣ್ಣ ಮಷೀನಿಗೆ ಸಿಗೋ ಜೂಕಿ ಹೋಲ್ಡರಲ್ಲಿ ನಾಝಲ್ಲನ್ನ ಹಿಡಿಯೋದು ಸ್ಪ್ರಿಂಗ್ ಒತ್ತಡದ ಸಣ್ಣ ಗುಂಡುಗಳು, ಅವು ನಾಝಲ್ಲಿನ ಕುತ್ತಿಗೆಯ ತೋಡಿಗೆ ಕೂರ್ತವೆ. ಹಾಕೋವಾಗ ಝಡ್ ಆಕ್ಸಿಸ್ ಅವನ್ನ ಒತ್ತಿ ದಾಟ್ಬೇಕು, ಬಿಡಿಸೋವಾಗ ಎಳೆದು ದಾಟ್ಬೇಕು. ಈಗ ಸಮಸ್ಯೆ ಏನಂದ್ರೆ ಎರಡು ನಾಝಲ್ಲಿಗೆ ಒಂದೇ ಝಡ್ ಮೋಟರ್ ಇರೋ ಹೆಡ್ಡುಗಳಲ್ಲಿ ಕೆಲವು ಕ್ಯಾಮ್ ಡಿಸೈನು, ಕೆಳಗೆ ತಳ್ಳೋದು ಮೋಟರು, ಮೇಲೆ ಎಳೆಯೋದು ಬರೀ ಸ್ಪ್ರಿಂಗು. ಅಂಥ ಹೆಡ್ಡಲ್ಲಿ ನಾಝಲ್ ಕಿತ್ತು ಬರೋದು ಸ್ಪ್ರಿಂಗಿನ ತಾಕತ್ತಿಂದಷ್ಟೇ. ಸ್ಪ್ರಿಂಗ್ ಸೋತ್ರೆ ಮೋಟರ್ ತಿರುಗಿ ಮೇಲೆ ಹೋಗಿರತ್ತೆ, ಕಂಟ್ರೋಲರ್ ನಾನು ಸೇಫ್ ಝಡ್‌ನಲ್ಲಿದೀನಿ (ಏನಕ್ಕೂ ತಾಗದ ಎತ್ತರ) ಅಂದ್ಕೊಂಡಿರತ್ತೆ, ಶಾಫ್ಟು ಮಾತ್ರ ಇನ್ನೂ ಕೆಳಗೆ ಚೇಂಜರಿಗೇ ಅಂಟ್ಕೊಂಡಿರತ್ತೆ. ಮುಂದಿನ ಕಮಾಂಡ್ ಎಕ್ಸ್ ಆಕ್ಸಿಸ್ ಓಡು. ಏನಾಗತ್ತೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಬೆಲ್ಟ್ ಅಥವಾ ಹಲ್ಲಿನ ಪಟ್ಟಿ ಇರೋ ಝಡ್ ಆದ್ರೆ ಎರಡೂ ದಿಕ್ಕಿಗೆ ಮೋಟರೇ ಎಳೆಯತ್ತೆ, ಆದ್ರೂ ಸ್ಟೆಪ್ ತಪ್ಪೋ ಅಪಾಯ ಇದ್ದೇ ಇದೆ.

ಕಿಟ್ ತಗೊಳ್ಳೋ ಮುಂಚೆ ಹೀಗೆ ಚೆಕ್ ಮಾಡ್ಕೊಳ್ಳಿ: ಒಂದು ಡಿಜಿಟಲ್ ತಕ್ಕಡಿ ಮೇಲೆ ನಾಝಲ್ಲನ್ನ ಯಾವುದಾದ್ರೂ ಬ್ಲಾಕಲ್ಲಿ ನೆಟ್ಟಗೆ ನಿಲ್ಸಿ, ಹೆಡ್ಡನ್ನ ನಿಧಾನಕ್ಕೆ ಇಳಿಸ್ತಾ ಹೋಗಿ, ಕ್ಲಿಕ್ ಅನ್ನೋ ಮುಂಚೆ ತಕ್ಕಡಿ ತೋರಿಸಿದ ಅತಿ ಹೆಚ್ಚಿನ ಸಂಖ್ಯೆ ಬರ್ಕೊಳ್ಳಿ. ಬಿಡಿಸೋ ಬಲಕ್ಕೆ ನಾಝಲ್ಲನ್ನ ಬ್ಲಾಕಿಂದ ಬರದ ಹಾಗೆ ಬಿಗಿ ಮಾಡಿ, ಆ ಬ್ಲಾಕಿಗೆ ತೂಕ ಕಟ್ಟಿ, ನಾಝಲ್ ಕೂತಿರೋ ಹಾಗೇ ಹೆಡ್ಡನ್ನ ಎತ್ತಿ, ತಕ್ಕಡಿ ಎಷ್ಟು ಕಮ್ಮಿ ತೋರಿಸ್ದಾಗ ಬಿಡ್ತು ನೋಡಿ. ಇವೆರಡರ ಎರಡು ಪಟ್ಟಾದ್ರೂ ನಿಮ್ಮ ಝಡ್ ತಡ್ಕೊಳ್ಳೋ ಹಾಗಿದ್ರೆ ನಿಶ್ಚಿಂತೆ. ಇಲ್ದಿದ್ರೆ ಹೋಲ್ಡರಿನ ಸ್ಪ್ರಿಂಗ್ ಸಡಿಲ ಮಾಡ್ಬೇಕು, ಚೇಂಜರ್ ಬದಲಾಯಿಸಿ ಪ್ರಯೋಜನ ಇಲ್ಲ. ಬಲ ಹಾಕೋವಾಗ ನಿಧಾನ ಇರ್ಲಿ, ಸ್ಟೆಪ್ಪರ್ ಮೋಟರಿಗೆ ಸ್ಪೀಡ್ ಏರಿದ ಹಾಗೆ ಟಾರ್ಕ್ ಇಳಿಯತ್ತೆ, ಅದಕ್ಕೇ ಕೊನೆಯ ಒಂದೆರಡು ಮಿಮೀ ಆಮೆ ನಡಿಗೆಯಲ್ಲೇ ಹೋಗ್ಬೇಕು.

ಈಗ ಮುಖ್ಯ ದೂರು, ಸೆನ್ಸರ್. ಕಿಟ್ಟಲ್ಲಿ ಇರೋದು ಒಂದೇ ಒಂದು ಮೈಕ್ರೋಸ್ವಿಚ್. ಅದು ಪ್ಲೇಟು ಪೂರ್ತಿ ತೆರೆದಿದೆ ಅಂತ ಹೇಳತ್ತೆ. ಪೂರ್ತಿ ಮುಚ್ಚಿದೆ ಅಂತ ಹೇಳೋಕೆ ಏನೂ ಇಲ್ಲ. ಮುಚ್ಚೋ ಸಿಗ್ನಲ್ ಕಳಿಸಿದ ಮೇಲೆ ಮುಚ್ಚಿರ್ಲೇಬೇಕು ಅನ್ನೋ ನಂಬಿಕೆ ಮೇಲೆ ಇಡೀ ಡಿಸೈನ್ ನಡೆಯತ್ತೆ. ನಿಜದಲ್ಲಿ ಆಗೋದೇನು ಗೊತ್ತಾ, ನಾಝಲ್ಲು ಗುಂಡಿಲಿ ಒಂಚೂರು ವಾಲಿ ಕೂತಿರತ್ತೆ, ಪ್ಲೇಟು ಬಂದು ಡಿಸ್ಕಿನ ಅಂಚಿಗೆ ಗುದ್ದಿ ಅರ್ಧಕ್ಕೇ ನಿಲ್ಲತ್ತೆ, ಸರ್ವೋ ಗುಂಯ್ ಅಂತ ಒದ್ದಾಡ್ತಾ ಇರತ್ತೆ, ಹೆಡ್ಡು ಮೇಲೆ ಹೋಗತ್ತೆ, ಜತೆಗೆ ನಾಝಲ್ಲೂ ಹೋಗತ್ತೆ. ಸಾಫ್ಟ್‌ವೇರ್ ಪಾಲಿಗೆ ಹೋಲ್ಡರ್ ಈಗ ಖಾಲಿ. ಮುಂದಿನ ಸ್ಲಾಟಿಗೆ ಹೋಗಿ ಇನ್ನೊಂದು ನಾಝಲ್ ಮೇಲೆ ಈ ನಾಝಲ್ ಸಮೇತ ಒತ್ತತ್ತೆ. ನನ್ನ ಹತ್ರ ಒಂದು 504 ಹೀಗೇ ಹೋಯ್ತು, ತುದಿ ಚಪ್ಪಟೆ. ಸಪೋರ್ಟಿಗೆ ಬರೆದಾಗ ಸ್ವಿಚ್ ಇನ್ನೊಂದು ಬೇಕಿದ್ರೆ ಹಾಕ್ಕೋಬಹುದು, ಇಲ್ಲದೇನೂ ನಡೆಯತ್ತೆ ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಉತ್ತರ ಬಂತು.

ಹಾಗಾದ್ರೆ ಸರಿಯಾದ ಡಿಸೈನ್ ಹೇಗಿರ್ಬೇಕು? ಪ್ಲೇಟಿಗೆ ಎರಡೂ ತುದಿಲಿ ಸೆನ್ಸರ್ ಇರ್ಲೇಬೇಕು, ಇದ್ರಲ್ಲಿ ಮುಲಾಜಿಲ್ಲ. ಮೈಕ್ರೋಸ್ವಿಚ್ಚೇ ಆಗ್ಲಿ, ಪ್ಲೇಟಿನ ಕಿವಿ ಬಂದು ಬೆಳಕು ಅಡ್ಡ ಹಾಕೋ ಆಪ್ಟಿಕಲ್ ಸೆನ್ಸರೇ ಆಗ್ಲಿ, ಎರಡೂ ನಡೆಯತ್ತೆ, ನನಗೆ ಆಪ್ಟಿಕಲ್ ಇಷ್ಟ, ಸವೆಯಲ್ಲ. ಎರಡೂ ಸೆನ್ಸರ್ ಇದ್ರೆ ಇನ್ನೊಂದು ಲಾಭ, ಎರಡೂ ಆಫ್ ಅಂದ್ರೆ ಪ್ಲೇಟು ನಡುವೆ ಸಿಕ್ಕಿದೆ ಅಂತ, ಎರಡೂ ಒಟ್ಟಿಗೆ ಆನ್ ಅಂದ್ರೆ ವೈರಿಂಗ್ ಕೆಟ್ಟಿದೆ ಅಂತ, ತಾನಾಗೇ ಗೊತ್ತಾಗತ್ತೆ. ಇದಾದ್ಮೇಲೆ ಹೆಡ್ಡಿನ ಕಡೆಯಿಂದ ಒಂದು ಚೆಕ್ ಬೇಕು, ಅದಕ್ಕೆ ಹೊಸದಾಗಿ ಏನೂ ಕೊಳ್ಳಬೇಕಾಗಿಲ್ಲ, ವ್ಯಾಕ್ಯೂಮ್ ಸೆನ್ಸರ್ ಸಾಕು. ಹೋಲ್ಡರ್ ಖಾಲಿ ಇದ್ದಾಗ ಪಂಪ್ ಆನ್ ಮಾಡಿದ್ರೆ ಗಾಳಿ ಸರಾಗವಾಗಿ ನುಗ್ಗತ್ತೆ, ವ್ಯಾಕ್ಯೂಮ್ ಕಟ್ಟಲ್ಲ. 503 ಕೂತಿದ್ರೆ 0.6 ಮಿಮೀ ತೂತಲ್ಲೇ ಗಾಳಿ ಬರ್ಬೇಕು, ತುದಿಲಿ ಪಾರ್ಟ್ ಇಲ್ದಿದ್ರೂ ವ್ಯಾಕ್ಯೂಮ್ ಏರಿರತ್ತೆ. ಈ ವ್ಯತ್ಯಾಸ ಸಣ್ಣ ನಾಝಲ್ಲುಗಳಲ್ಲಿ ಎಷ್ಟು ಸ್ಪಷ್ಟ ಅಂದ್ರೆ ಗ್ರಾಫ್ ನೋಡ್ದೇನೇ ಹೇಳ್ಬಹುದು. ದೊಡ್ಡ ನಾಝಲ್ ಕಡೆ ಹೋದ ಹಾಗೆ ಈ ಉಪಾಯ ಕೈಕೊಡತ್ತೆ, ತೂತು ದೊಡ್ಡದಾದಷ್ಟೂ ಖಾಲಿ ಹೋಲ್ಡರಿಗೂ ಅದಕ್ಕೂ ಅಂತರ ಕಮ್ಮಿ, ಟ್ಯೂಬು ವಾಲ್ವುಗಳಲ್ಲೇ ಗಾಳಿ ತಡೆದು ಎರಡೂ ಒಂದೇ ತರ ಕಾಣತ್ತೆ. ಅಲ್ಲಿಗೆ ಕ್ಯಾಮೆರಾನೇ ಗತಿ, ನಾಝಲ್ ಬಿಟ್ಟ ಮೇಲೆ ಹೆಡ್ ಕ್ಯಾಮೆರಾ ಸ್ಲಾಟಿನ ಮೇಲೆ ಹೋಗಿ ತುಂಬಿದ್ಯಾ ಖಾಲಿನಾ ಅಂತ ನೋಡ್ಬೇಕು.

ಓಪನ್‌ಪಿಎನ್‌ಪಿ (ಇಂಥ ಮಷೀನ್ ಓಡಿಸೋ ಓಪನ್ ಸೋರ್ಸ್ ಸಾಫ್ಟ್‌ವೇರ್) ಬಳಸೋರಿಗೆ ಈ ಕ್ಯಾಮೆರಾ ಕೆಲಸ ಸಾಫ್ಟ್‌ವೇರಲ್ಲೇ ಇದೆ, ಸ್ಲಾಟ್ ಖಾಲಿ ಇದ್ದಾಗ ಒಂದು ಚಿತ್ರ, ತುಂಬಿದಾಗ ಒಂದು ಚಿತ್ರ ತೆಗೆದಿಟ್ರೆ ಅದನ್ನ ಹೋಲಿಸಿ ನೋಡತ್ತೆ, ಸ್ಲಾಟಿನ ಜಾಗ ಒಂಚೂರು ಸರಿದಿದ್ರೆ ಅದನ್ನೂ ಸರಿಪಡಿಸ್ಕೊಳ್ಳತ್ತೆ. ವ್ಯಾಕ್ಯೂಮ್ ಮಿತಿಗಳನ್ನ ಒಂದೊಂದು ನಾಝಲ್ ತುದಿಗೂ ಬೇರೆ ಬೇರೆ ಕೊಡ್ಬಹುದು. ಚೇಂಜರ್ ಓಡಾಟಕ್ಕೆ ಪ್ರತಿ ನಾಝಲ್ಲಿಗೂ ನಾಲ್ಕು ಪಾಯಿಂಟ್ ಕೇಳತ್ತೆ, ಮೊದಲ್ನೇದ್ರಿಂದ ಕೊನೇದ್ರ ತನಕ ಹೋದ್ರೆ ನಾಝಲ್ ಹಾಕೋದು, ಅದೇ ದಾರಿಲಿ ಹಿಂದಕ್ಕೆ ಬಂದ್ರೆ ಬಿಡೋದು. ನಡುನಡುವೆ ಸ್ಪೀಡ್ ಬೇರೆ ಕೊಡ್ಬಹುದು, ಪಾಯಿಂಟ್ ಮುಟ್ಟಿದ ಮೇಲೆ ಆಕ್ಚುಯೇಟರ್ ಓಡಿಸ್ಬಹುದು, ನಮ್ಮ ಪ್ಲೇಟಿನ ಸರ್ವೋ ಬರೋದು ಅಲ್ಲಿ. ಕಿಟ್ಟಿನ ಜೊತೆ ಕೊಟ್ಟಿರೋ ಸ್ಯಾಂಪಲ್ ಕಾನ್ಫಿಗರೇಷನ್ನಲ್ಲಿ ಇಳಿಯೋ ಸ್ಪೀಡೂ ಏರೋ ಸ್ಪೀಡೂ ಒಂದೇ ಇಟ್ಟಿದಾರೆ, ಅದನ್ನ ಮೊದಲು ಬದಲಾಯಿಸಿ. ಆರೂ ಸ್ಲಾಟ್ ಒಂದೇ ಅಂತರದಲ್ಲಿ ಇರೋದ್ರಿಂದ ಒಂದನ್ನ ಸರಿಯಾಗಿ ಸೆಟ್ ಮಾಡಿ ಮಿಕ್ಕಿದ್ದಕ್ಕೆ ಅಂತರ ಕೂಡಿಸ್ಕೊಂಡು ಹೋದ್ರೆ ಸಾಕು ಅಂತ ಮ್ಯಾನ್ಯುಯಲ್ ಹೇಳತ್ತೆ, ಚೇಂಜರ್ ರ್‍ಯಾಕನ್ನ ಆಕ್ಸಿಸ್‌ಗೆ ನೇರ ಕೂರಿಸಿದ್ರೆ ಮಾತ್ರ ಇದು ನಿಜ, ಸೊಟ್ಟ ಕೂತಿದ್ರೆ ಆರನೇ ಸ್ಲಾಟಿಗೆ ಹೋಗೋ ಹೊತ್ತಿಗೆ ತಪ್ಪು ಬೆಳೆದು ನಿಂತಿರತ್ತೆ. ಮೊದಲ್ನೇದು ಮತ್ತು ಕೊನೇದು ಎರಡನ್ನೂ ಕ್ಯಾಮೆರಾದಲ್ಲಿ ನೋಡಿ ನಡುವಿನದ್ದು ಲೆಕ್ಕ ಹಾಕಿ.

ನಾಝಲ್ ಬದಲಾದ ಮೇಲೆ ರನೌಟ್ ಕ್ಯಾಲಿಬ್ರೇಷನ್ ಮತ್ತೆ ಮಾಡ್ಬೇಕಾ ಅಂತ ಕೇಳೋರು ಬಹಳ. 0805ಕ್ಕಿಂತ ದೊಡ್ಡದೇ ಹಾಕ್ತೀರಾದ್ರೆ ಬಿಟ್ಟಾಕಿ. 0402 ಹಾಕ್ತೀರಾದ್ರೆ ಮಾಡಿ, ಪಾರ್ಟಿನ ಅಗಲನೇ 0.5 ಮಿಮೀ ಇರೋವಾಗ 0.1 ಮಿಮೀ ತುದಿ ಆಚೀಚೆ ಆದ್ರೆ ಐದ್ರಲ್ಲಿ ಒಂದು ಭಾಗ ತಪ್ಪಿದ ಹಾಗೆ. ಕೆಳಗಿನ ಕ್ಯಾಮೆರಾ ಮುಂದೆ ನಾಝಲ್ ತಿರುಗಿಸಿ ತುದಿ ಎಷ್ಟು ವೃತ್ತ ಬಿಡತ್ತೆ ಅಂತ ಅಳೆಯೋದಷ್ಟೆ, ಟೈಮ್ ತಗೊಳ್ಳೋದು ನಿಜ, ಆದ್ರೆ ಬದಲಾವಣೆಗಳನ್ನ ಕಮ್ಮಿ ಮಾಡೋ ಹಾಗೆ ಜಾಬ್ ಪ್ಲಾನ್ ಮಾಡಿದ್ರೆ ಅದು ಲೆಕ್ಕಕ್ಕೇ ಬರಲ್ಲ.

ಸರ್ವೋ ಬಗ್ಗೆ ಬೇಗ ಮುಗಿಸ್ತೀನಿ. ಬಂದಿರೋದು ಎಸ್‌ಜಿ90, ಪ್ಲಾಸ್ಟಿಕ್ ಗೇರು. ಇಲ್ಲಿ ಅದಕ್ಕೆ ಹೆಚ್ಚು ಬಲ ಬೇಕಾಗಿಲ್ಲ, ನಾಝಲ್ ಕೀಳೋವಾಗ ಎಳೆತ ನೆಟ್ಟಗೆ ಮೇಲಕ್ಕೆ, ಪ್ಲೇಟು ಜಾರೋದು ಅಡ್ಡಕ್ಕೆ, ಹಾಗಾಗಿ ಸರ್ವೋ ಗೆಲ್ಲಬೇಕಾಗಿರೋದು ಉಜ್ಜಾಟವನ್ನಷ್ಟೆ. ಆದ್ರೆ ಪ್ಲೇಟು ಸಿಕ್ಕಾಕ್ಕೊಂಡಾಗ ಮೊದಲು ಸಾಯೋದು ಆ ಗೇರಿನ ಹಲ್ಲು. ಮೆಟಲ್ ಗೇರಿನ ಎಂಜಿ90ಎಸ್ ಹೆಚ್ಚುಕಮ್ಮಿ ಅದೇ ಸೈಜು, ಹಾಕ್ಕೊಳ್ಳಿ. ಪವರ್ ಮಾತ್ರ ಕಂಟ್ರೋಲರ್ ಬೋರ್ಡಿನ 5 ವೋಲ್ಟಿಂದ ತಗೋಬೇಡಿ, ಸರ್ವೋ ಎಳೆದ ಕ್ಷಣ ವೋಲ್ಟೇಜ್ ಕುಸಿದ್ರೆ ಬೋರ್ಡ್ ರೀಸೆಟ್ ಆಗಿ ಜಾಬ್ ನಡುವೆ ಎಲ್ಲಾ ಪೊಸಿಷನ್ ಮರ್ತೋಗತ್ತೆ. ಪ್ಲೇಟು ತುದಿ ಮುಟ್ಟಿದ್ಮೇಲೆ ಸಿಗ್ನಲ್ ಆಫ್ ಮಾಡಿದ್ರೆ ಗುಂಯ್‌ಗುಟ್ಟೋದೂ ನಿಲ್ಲತ್ತೆ.

ರ್‍ಯಾಕ್ ಎಲ್ಲಿ ಕೂರಿಸೋದು ಅನ್ನೋದನ್ನ ಕೊಳ್ಳೋ ಮುಂಚೆನೇ ಅಳೆದು ನೋಡಿ. ಎರಡು ನಾಝಲ್ ಹೆಡ್ಡಲ್ಲಿ ಎರಡೂ ನಾಝಲ್ಲಿಗೆ ಆರೂ ಸ್ಲಾಟ್ ಸಿಗ್ಬೇಕು ಅಂದ್ರೆ ರ್‍ಯಾಕಿನ ಉದ್ದದ ಜೊತೆಗೆ ನಾಝಲ್‌ಗಳ ನಡುವಿನ ಅಂತರದಷ್ಟು ಹೆಚ್ಚು ಟ್ರಾವೆಲ್ ಬೇಕು, ಮೂಲೆಗೆ ತಳ್ಳಿದ್ರೆ ಕೊನೆ ಸ್ಲಾಟು ಒಂದೇ ನಾಝಲ್ಲಿಗೆ ಮೀಸಲು. ಕ್ಯಾಮೆರಾ ಚೆಕ್ ಬೇಕಂದ್ರೆ ಹೆಡ್ ಕ್ಯಾಮೆರಾನೂ ಅಲ್ಲಿಗೆ ತಲುಪ್ಬೇಕು. ಎತ್ತರನೂ ಅಷ್ಟೆ, ಪಾರ್ಟ್ ಹಿಡ್ಕೊಂಡ ಹೆಡ್ಡು ರ್‍ಯಾಕ್ ಮೇಲೆ ಹಾದು ಹೋಗೋ ದಾರಿ ಇದ್ರೆ ನಿಂತಿರೋ ನಾಝಲ್‌ಗಳ ಕುತ್ತಿಗೆ ಸೇಫ್ ಝಡ್‌ಗಿಂತ ಕೆಳಗಿರ್ಲೇಬೇಕು. ಕಿಟ್ಟಿನ ಬೇಸು ಅಡಿಯಲ್ಲಿ ಸುಮ್ನೆ ದಪ್ಪ ಇದೆ, ಮತ್ತೆ ಪ್ರಿಂಟ್ ಮಾಡೋವಾಗ ಅದನ್ನೂ ಇಳಿಸ್ಬಹುದು.

ಯಾರಿಗೆ ಇದು ಸರಿ ಅಂದ್ರೆ, ಕ್ಯಾಡ್ ಫೈಲ್ ತೆರೆದು ಗುಂಡಿ ಅಗಲ ಬದಲಾಯಿಸೋಕೆ ಬರತ್ತೆ, ಎರಡು ಸೆನ್ಸರ್ ವೈರ್ ಎಳೆಯೋಕೆ ಬೇಜಾರಿಲ್ಲ ಅನ್ನೋರಿಗೆ. ಅವ್ರಿಗೆ ಪ್ಲೇಟು, ಅಸಿಟಲ್ ಪಟ್ಟಿ, ಲಿಂಕೇಜು ಇವಿಷ್ಟು ರೆಡಿ ಸಿಗೋದೇ ದೊಡ್ಡ ಉಪಕಾರ, ಅವನ್ನ ಒಂದೊಂದಾಗಿ ಮಾಡಿಸೋಕೆ ಹೋದ್ರೆ ತಲೆನೋವು. ಡಬ್ಬ ತೆಗೆದು ಸ್ಕ್ರೂ ಹಾಕಿ ಸಂಜೆ ಬೋರ್ಡ್ ಓಡಿಸ್ತೀನಿ ಅನ್ನೋರು ದಯವಿಟ್ಟು ಬೇಡ. ಈಗ ನನ್ನ ಮಷೀನಲ್ಲಿ ಒಳಗಿರೋದು ಕಿಟ್ಟಿನ ಪ್ಲೇಟು, ನನ್ನ ಬೇಸು, ಎರಡು ಆಪ್ಟಿಕಲ್ ಸೆನ್ಸರ್. ಸ್ಲಾಟಲ್ಲಿ 503 ಎರಡು, 504 ಎರಡು, 505 ಒಂದು, 506 ಒಂದು. ಚಿಕ್ಕವು ಎರಡೆರಡು ಯಾಕಂದ್ರೆ ಬೋರ್ಡಲ್ಲಿ ಮುಕ್ಕಾಲು ಪಾಲು ಪಾರ್ಟು ಅವೇ ಎತ್ತೋದು, ಹೆಡ್ಡಿನ ಎರಡೂ ಹೋಲ್ಡರಲ್ಲಿ ಒಟ್ಟಿಗೆ ಹಾಕ್ಕೊಂಡು ಓಡಿಸ್ಬಹುದು, ದೊಡ್ಡ ಪಾರ್ಟುಗಳು ಕೊನೆಗೆ ಬರೋ ಹಾಗೆ ಜಾಬ್ ಜೋಡಿಸಿದ್ರೆ ಒಂದು ಬೋರ್ಡಿಗೆ ಬದಲಾವಣೆ ಒಂದೆರಡೇ ಸಲ ಬೀಳೋದು. ಡಿಸ್ಕಿಗೆ ಫ್ಲಕ್ಸ್ (ಬೆಸುಗೆಯ ಅಂಟು) ಅಂಟಿದ್ರೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಒರೆಸ್ತೀನಿ, ಗುಂಡಿಯೊಳಗೆ ಬಿದ್ದಿರೋ ರೆಸಿಸ್ಟರ್‌ಗಳನ್ನ ಆಗಾಗ ಊದಿ ತೆಗೀತೀನಿ, ಅವು ತಳದಲ್ಲಿ ಸೇರ್ಕೊಂಡ್ರೆ ನಾಝಲ್ ವಾಲಿ ಕೂತು ಪ್ಲೇಟು ಮತ್ತೆ ಅರ್ಧಕ್ಕೇ ನಿಲ್ಲತ್ತೆ. ಹೊಸ ಬೇಸಲ್ಲಿ ಗುಂಡಿಯ ತಳಕ್ಕೆ ಆರಪಾರ ತೂತು ಬಿಟ್ಟಿದೀನಿ, ಬಿದ್ದದ್ದು ಬಿದ್ದ ಹಾಗೇ ಕೆಳಗೆ ಹೋಗ್ಲಿ ಅಂತ.